ಪೊನ್ನಮ್ಮನ ಹಾಕಿ ಏಟು, ನನ್ನ ಗಾಲ್ಫ್ ಪಾಠ

ಗಾಲ್ಫ್ ಶಿಕ್ಷಕ ವಿಮ್ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಬಕೆಟ್ಟೋ ಪೊರಕೆಯೋ, ಖಚಿತವಾಗಿ ಹೇಳಲಾರೆ. ಬಕೆಟ್ ಎಂದು ಹದಿನೈದು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಅರ್ಧ ನೀರು ತುಂಬಿದ ಬಕೆಟ್ಟನ್ನು ಎರಡೂ ಕೈಯಲ್ಲಿ ಹಿಡಿಸಿ, "ಬಲದಿಂದ ಎಡಕ್ಕೆ ಎರಚು, ಆ ಬೇಲಿ ನೆನೀಬೇಕು" ಎಂದ. ಎರಚಿದೆ. "ಗಾಲ್ಫ್ ಸ್ವಿಂಗ್ ಅಂದ್ರೆ ಇಷ್ಟೇ. ಪಾಠ ಮುಗೀತು" ಎಂದ. ಕೇಳಲು ಬಹಳ ಚೆನ್ನಾಗಿದೆ. ಇಷ್ಟು ಚೆನ್ನಾಗಿರುವುದೇ ನನ್ನ ಅನುಮಾನಕ್ಕೆ ಕಾರಣ. ನನ್ನ ಹೆಂಡತಿ ಸುಧಾಳ ಪ್ರಕಾರ ಆ ಸಂಜೆ ನಾನು ಮನೆಗೆ ಬಂದು, "ಐವತ್ತೊಂದನೇ ವಯಸ್ಸಿಗೆ ಕೈಗೆ ಪೊರಕೆ ಕೊಟ್ಟ ಕಣೇ" ಎಂದು ಗೊಣಗಿದ್ದೆನಂತೆ. ಹಾಗಿದ್ದರೆ ವಿಮ್ ನನ್ನಿಂದ ಚೆಂಡು ಇಟ್ಟು ಹೊಡೆಯುವ ಹುಲ್ಲುಚಾಪೆ ಗುಡಿಸಿಸಿರಬೇಕು. ಅದೂ ಅವನು ಕಲಿಸುವ ರೀತಿಯೇ. ಅವನನ್ನೇ ಕೇಳಿದೆ. "ಎರಡೂ ಕೊಟ್ಟಿರಬಹುದು. ಯಾರಿಗೆ ನೆನಪಿರತ್ತೆ?" ಎಂದ.

ಹಾಗಾಗಿ ಗಾಲ್ಫ್ ಕಲಿಸುವ ಈ ಕೆಲಸಕ್ಕೆ ಹೊಸದಾಗಿ ಬರುವವರಿಗೆ ಮೊದಲೇ ಎಚ್ಚರಿಕೆ ಕೊಡುತ್ತೇನೆ. ಕೆಳಗಿನ ಮಾತುಗಳು ನಡೆದ ಮಾತುಗಳ ಸಾರವೇ ಹೊರತು ಅಕ್ಷರವಲ್ಲ. ವಿಮ್ ಡಚ್ಚಿನಲ್ಲಿ ಆಡಿದ್ದನ್ನು ನನ್ನ ಕನ್ನಡದಲ್ಲಿ ಬರೆದಿದ್ದೇನೆ. ನನ್ನ ತಪ್ಪುಗಳನ್ನು ಮಾತ್ರ ಸಾಧ್ಯವಾದಷ್ಟು ನಿಖರವಾಗಿ ಬರೆಯಲು ಹಟ ಹಿಡಿದಿದ್ದೇನೆ. ಹೊಸಬರಿಗೆ ಉಪಯೋಗಕ್ಕೆ ಬರುವುದು ಅವೇ.

ನಾನು ಮೈಸೂರಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದವನು. ಡಾಕ್ಟರೇಟ್ ಮಾಡಲು ನೆದರ್‌ಲ್ಯಾಂಡ್ಸ್‌ಗೆ ಬಂದು ಅಲ್ಲೇ ಉಳಿದೆ. ರೈಸ್‌ವೈಕ್‌ನ ಒಂದು ಕಚೇರಿಯಲ್ಲಿ ಯಂತ್ರಗಳ ಕಂಪನ ಅಳೆಯುವ ಕೆಲಸದಲ್ಲಿದ್ದೆ. 2004ರಲ್ಲಿ ನಮ್ಮ ವಿಭಾಗ ಮುಚ್ಚಿತು. ಸುಧಾಗೆ ವೆಲ್ಡ್‌ಹೋವನ್‌ನಲ್ಲಿ ಕೆಲಸ ಸಿಕ್ಕಿ ನಾವು ಅಲ್ಲಿಗೆ ಹೋದೆವು. ಸುಮ್ಮನೆ ಕೂರುವ ಜಾಯಮಾನ ನನ್ನದಲ್ಲ. ಊರ ಹೊರಗೆ, ಒಂದು ಕಡೆ ಹೆದ್ದಾರಿ, ಇನ್ನೊಂದು ಕಡೆ ಮೆಕ್ಕೆಜೋಳದ ಹೊಲ ಇದ್ದ ಗಾಲ್ಫ್ ಅಭ್ಯಾಸ ಮೈದಾನದಲ್ಲಿ ಕ್ಯಾಮೆರಾ ನಡೆಸುವವರು ಬೇಕಾಗಿದ್ದಾರೆ ಎಂದು ತಿಳಿದು ಸೈಕಲ್ ಹತ್ತಿ ಹೋದೆ. ವಿಮ್ ಅಲ್ಲಿನ ಮುಖ್ಯ ಶಿಕ್ಷಕ, ನನಗಿಂತ ಹತ್ತು ವರ್ಷ ಚಿಕ್ಕವನು. ಕಲಿಯುವವರ ಸ್ವಿಂಗನ್ನು ಚಿತ್ರೀಕರಿಸಿ, ಪರದೆಯ ಮೇಲೆ ನಿಲ್ಲಿಸಿ, ಗೆರೆ ಎಳೆದು ತೋರಿಸುವುದು ನನ್ನ ಕೆಲಸ. ಮೂರು ವರ್ಷಕ್ಕೆ ಶಿಕ್ಷಕನ ಪರೀಕ್ಷೆಯನ್ನೂ ಮುಗಿಸಿದೆ.

ವಿಮ್‌ಗೆ ಕ್ಯಾಮೆರಾ ಎಂದರೆ ಆಗುತ್ತಿರಲಿಲ್ಲ. ಅವನದು ಅನುಭವದ ದಾರಿ: ಎರಚು, ಗುಡಿಸು, ಕೊಳದ ನೀರಿನ ಮೇಲೆ ಕುಪ್ಪಳಿಸುವಂತೆ ಕಲ್ಲು ಎಸೆ. ನನ್ನದು ಸ್ಥಾನಗಳ ದಾರಿ: ಇಲ್ಲಿ ಮೊಣಕೈ, ಇಲ್ಲಿ ಭುಜ, ಇಲ್ಲಿ ಸೊಂಟ. ಒಳ್ಳೆಯ ಆಟಗಾರರ ಸ್ವಿಂಗಿನಲ್ಲಿ ಈ ಸ್ಥಾನಗಳೆಲ್ಲ ಇರುತ್ತವೆ. ಆದ್ದರಿಂದ ಸ್ಥಾನಗಳನ್ನು ಕಲಿಸಿದರೆ ಒಳ್ಳೆಯ ಸ್ವಿಂಗ್ ಬರುತ್ತದೆ ಎಂದು ನಂಬಿದ್ದೆ. ಈ ತರ್ಕದಲ್ಲಿ ತೂತಿದೆ. ಯಂತ್ರದ ಕಂಪನದ ವಿಷಯದಲ್ಲಿ ಯಾರಾದರೂ ಹೀಗೆ ವಾದಿಸಿದ್ದರೆ ನಾನೇ ನಕ್ಕುಬಿಡುತ್ತಿದ್ದೆ.

ಮೊದಲು ನಕ್ಕವನು ಟೋನ್ ಎಂಬ ಬೇಕರಿಯವನು. ಅರವತ್ತು ವರ್ಷ, ದೊಡ್ಡ ಹೊಟ್ಟೆ. ಎಡಗೈ ನೆಟ್ಟಗಿರಬೇಕು ಎಂದು ಅರ್ಧ ಗಂಟೆ ಗೆರೆ ಎಳೆದು ತೋರಿಸಿದೆ. ಟೋನ್ ತಾಳ್ಮೆಯಿಂದ ಕೇಳಿ ಪರದೆಯ ಹತ್ತಿರ ಬಂದ.

"ಗೆರೆ ಚೆನ್ನಾಗಿ ಎಳೀತೀಯ. ಆದ್ರೆ ಕೈಗೂ ಚೆಂಡಿಗೂ ಮಧ್ಯೆ ಏನಿದೆ ನೋಡ್ದಾ?"

"ಏನಿದೆ?"

"ನನ್ನ ಹೊಟ್ಟೆ. ಮೂವತ್ತು ವರ್ಷದ ಬ್ರೆಡ್ಡು. ಅದರ ಸುತ್ತ ಗೆರೆ ಎಳಿ."

ವಿಮ್ ಅವನಿಗೆ ಮೊಣಕೈ ಮಡಚಿ ಹೊಡೆಯಲು ಬಿಟ್ಟ. ಟೋನ್ ಈಗಲೂ ಮೊಣಕೈ ಮಡಚಿಯೇ ಆಡುತ್ತಾನೆ, ನನಗಿಂತ ಚೆನ್ನಾಗಿ.

ಆಗ ಅಲ್ಲಿ ಒಂದು ಪದ್ಧತಿ ಇತ್ತು. ಹೊಸಬರು ಚೀಲ ಹೊತ್ತು ಬಂದ ತಕ್ಷಣ ನಿಜವಾದ ಗಾಲ್ಫ್ ಮೈದಾನಕ್ಕೆ ಕಾಲಿಡುವ ಹಾಗಿರಲಿಲ್ಲ. ನಿಯಮಗಳ ಲಿಖಿತ ಪರೀಕ್ಷೆ, ಆಮೇಲೆ ಮೈದಾನದಲ್ಲಿ ಆಡಿ ತೋರಿಸುವ ಪರೀಕ್ಷೆ, ಎರಡೂ ಪಾಸಾಗಿ ಪತ್ರ ಪಡೆಯಬೇಕು. ಕಾರು ಓಡಿಸಲು ಲೈಸೆನ್ಸ್ ಇದ್ದ ಹಾಗೆ. ವೆಲ್ಡ್‌ಹೋವನ್‌ನಲ್ಲಿ ಕೆಲಸಕ್ಕಿದ್ದ ನಮ್ಮ ಭಾರತದ ಎಂಜಿನಿಯರುಗಳು ಲಿಖಿತದಲ್ಲಿ ಎಲ್ಲರಿಗಿಂತ ಮುಂದೆ. ಆಡಿ ತೋರಿಸುವಾಗ ಎಲ್ಲರಿಗಿಂತ ಹಿಂದೆ. ಎಲ್ಲರೂ ಕ್ರಿಕೆಟ್ ಆಡಿದವರು; ಚೆಂಡು ಕಂಡ ಕೂಡಲೇ ಮುಂಗಾಲು ಹಾಕಿ ಕವರ್ ಡ್ರೈವ್ ಹೊಡೆಯುತ್ತಿದ್ದರು. ಹರೀಶ್ ಎಂಬವರು ಮೊದಲ ಪಾಠಕ್ಕೇ ನೋಟ್‌ಬುಕ್ ತಂದರು.

"ಸರ್, ಬ್ಯಾಕ್‌ಸ್ವಿಂಗ್‌ನಲ್ಲಿ ಶೋಲ್ಡರ್ ಎಷ್ಟು ಡಿಗ್ರಿ ತಿರುಗ್ಬೇಕು? ಎಕ್ಸ್ಯಾಕ್ಟ್ ಆಗಿ ಹೇಳಿ, ಎಕ್ಸೆಲ್‌ನಲ್ಲಿ ಹಾಕ್ಕೋತೀನಿ."

ನಾನು ಹೇಳಿದೆ. ಅವರು ಬರೆದುಕೊಂಡರು. ಆಮೇಲೆ ಬೀಸಿದರು, ಚೆಂಡು ಇದ್ದಲ್ಲೇ ಇತ್ತು, ಚಾಪೆ ಮುಂದೆ ಹೋಯಿತು. ನನಗೆ ಹೇಳಿ ಮಾಡಿಸಿದ ಶಿಷ್ಯರು ಇವರು ಎಂದು ಆಗ ಅನ್ನಿಸಿತ್ತು.

ಹರೀಶ್ ತಮ್ಮ ಸಹೋದ್ಯೋಗಿ ಪೊನ್ನಮ್ಮನವರನ್ನು ಕರೆತಂದದ್ದು 2008ರ ವಸಂತದಲ್ಲಿರಬೇಕು. ನಲವತ್ತರ ಹತ್ತಿರದ ವಯಸ್ಸು, ವಿರಾಜಪೇಟೆ ಕಡೆಯವರು, ಯೂನಿವರ್ಸಿಟಿಗೆ ಹಾಕಿ ಆಡಿದವರು. ಇಲ್ಲೂ ಪ್ರತಿ ಭಾನುವಾರ ಡಚ್ ಹೆಂಗಸರ ಜೊತೆ ಆಡುತ್ತಿದ್ದರು. ಎಡ ಮೊಣಕಾಲಿನ ಸ್ನಾಯು ಹರಿದು ಶಸ್ತ್ರಚಿಕಿತ್ಸೆಯಾಗಿ, ಇನ್ನು ಹಾಕಿ ಬೇಡ ಎಂದು ಡಾಕ್ಟರು ಹೇಳಿದ್ದರು.

"ನಾಲ್ಕನೇ ಕ್ಲಾಸಿಂದ ಆಡ್ತಿದೀನಿ ಸರ್. ಸೈಕಲ್ ಹೊಡಿ, ಸ್ವಿಮ್ ಮಾಡು ಅಂತಾರೆ ಡಾಕ್ಟರು. ಅದು ಎಕ್ಸರ್‌ಸೈಜು, ಆಟ ಅಲ್ಲ. ಇದೂ ಆಗ್ಲಿಲ್ಲ ಅಂದ್ರೆ ನಂಗೆ ಆಟ ಅನ್ನೋದೇ ಮುಗೀತು."

ನಗುತ್ತಲೇ ಹೇಳಿದರು. ಆದರೆ ಕಬ್ಬಿಣದ ಕ್ಲಬ್ಬನ್ನು, ಅಂದರೆ ಗಾಲ್ಫ್ ಕೋಲನ್ನು, ಹಿಡಿದ ಕೈ ನಗುತ್ತಿರಲಿಲ್ಲ. ಕಾಲು ಅಗಲಿಸಿ ನಿಂತು, ಸ್ವಲ್ಪವೇ ಹಿಂದಕ್ಕೆ ಎತ್ತಿ, ಎಡಗಾಲನ್ನು ಮುಂದಿಟ್ಟು ಠಪ್ಪೆಂದು ಹೊಡೆದರು. ಚೆಂಡು ಮೊಣಕಾಲೆತ್ತರದಲ್ಲಿ ಬಾಣದಂತೆ ನೇರ ಹೋಯಿತು. ಹತ್ತು ಚೆಂಡು ಹೊಡೆದರೆ ಹತ್ತೂ ಹಾಗೆಯೇ. ಹತ್ತೂ ಎನ್ನುವುದು ಉತ್ಪ್ರೇಕ್ಷೆ ಇರಬಹುದು.

"ಮುಟ್ಬೇಡ," ಎಂದ ವಿಮ್ ನನ್ನ ಕಿವಿಯಲ್ಲಿ. ಅವನ ಊರಿನಲ್ಲೂ ಅರ್ಧ ಜನ ಹಾಕಿಯಿಂದಲೇ ಗಾಲ್ಫಿಗೆ ಬಂದವರು. "ಇವಳಿಗೆ ಹೊಡೆಯೋದು ಗೊತ್ತಿದೆ. ಉಳಿದದ್ದು ಬರತ್ತೆ."

"ಪರೀಕ್ಷೆಯ ಹೋಲ್‌ನಲ್ಲಿ, ಕುಳಿಗೆ ಹೋಗೋ ದಾರೀಲಿ, ಕೊಳ ಇದೆ. ಈ ಎತ್ತರಕ್ಕೆ ಎಲ್ಲ ಚೆಂಡೂ ನೀರಿಗೇ."

ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಚೆಂಡನ್ನು ಎತ್ತರಿಸಲೇಬೇಕಿತ್ತು. ಅದಕ್ಕೆ ನಾನು ಹಿಡಿದ ದಾರಿ ಮಾತ್ರ ಇದು: ಹಾಕಿಯನ್ನು ಪೂರ್ತಿ ಅಳಿಸಿ ಮೊದಲಿನಿಂದ ಬರೆಯುವುದು. ಹಿಡಿತ ಬದಲಿಸಿದೆ. ಪಾದಗಳನ್ನು ಹತ್ತಿರ ತಂದೆ. ಎಡಪಾದ ನೆಲಕ್ಕೆ ಊರಿರಬೇಕು, ದೇಹವೆಲ್ಲ ಆ ಎಡಗಾಲಿನ ಸುತ್ತ ತಿರುಗಬೇಕು ಎಂದು ಪಾಠ ಪಾಠಕ್ಕೂ ಹೇಳಿದೆ. ಪರದೆಯ ಮೇಲೆ ಅವರ ಎಡ ಮೊಣಕಾಲಿನ ಕೋನವನ್ನು ಅಳೆದು ತೋರಿಸಿದೆ. ವಾರದಿಂದ ವಾರಕ್ಕೆ ಕೋನ ಸುಧಾರಿಸಿತು. ನನಗೆ ಖುಷಿಯೋ ಖುಷಿ.

ಚೆಂಡು ಮಾತ್ರ ಕೆಟ್ಟಿತು. ಮೊದಲು ಬಲಕ್ಕೆ, ಆಮೇಲೆ ಎಲ್ಲೆಂದರಲ್ಲಿ. ಎಂಟನೆಯ ಪಾಠದ ಹೊತ್ತಿಗೆ ಇನ್ನೊಂದು ರೋಗ ಶುರುವಾಯಿತು. ಪೊನ್ನಮ್ಮ ಚೆಂಡಿನ ಮುಂದೆ ನಿಂತರೆ ಹಾಗೇ ನಿಂತುಬಿಡುವರು. ತುಟಿ ಅಲುಗುತ್ತಿತ್ತು; ನಾನು ಹೇಳಿಕೊಟ್ಟ ಪಟ್ಟಿಯನ್ನು ಒಳಗೇ ಓದಿಕೊಳ್ಳುತ್ತಿದ್ದರು. "ಸ್ವಲ್ಪ ದಿನ ಹೀಗೇ, ಆಮೇಲೆ ಸರಿಹೋಗತ್ತೆ" ಎಂದೆ. ಪುರಾವೆ ಇಲ್ಲದ ಮಾತು. ಶಿಷ್ಯರು ಹೇಳಿದ್ದರೆ ಒಪ್ಪುತ್ತಿರಲಿಲ್ಲ.

ಪರೀಕ್ಷೆಯ ದಿನ ನಾನೂ ವಿಮ್ಮೂ ದೂರದಲ್ಲಿ ನಿಂತು ನೋಡಿದೆವು. ಕೊಳದ ಮುಂದೆ ಪೊನ್ನಮ್ಮ ಕ್ಲಬ್ ಹಿಡಿದು ನಿಂತರು. ಕೈ ಏಳಲೇ ಇಲ್ಲ. ಪರೀಕ್ಷಕ ಕೈಗಡಿಯಾರ ನೋಡಿಕೊಂಡ. ಕೊನೆಗೆ ಜೋಲಿ ಹೊಡೆದಂತೆ ಬೀಸಿದರು, ಚೆಂಡು ನೀರಿಗೆ. ಎರಡನೆಯದೂ ನೀರಿಗೆ. ಮೂರನೆಯದನ್ನು ಅವರೇ ಎತ್ತಿ ಜೇಬಿಗೆ ಹಾಕಿಕೊಂಡರು. ನನ್ನ ಹತ್ತಿರ ಬಂದು "ಥ್ಯಾಂಕ್ಸ್ ಸರ್" ಎಂದು ಸೈಕಲ್ ಹತ್ತಿ ಹೋದರು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ವಿಮ್ ಯಾರನ್ನೂ ಬೈಯುವವನಲ್ಲ. ಆ ದಿನ ಬೈದ.

"ಬಂದಾಗ ಹೊಡೀತಿದ್ಲು. ಈಗ ಹೊಡೆಯೋಕೇ ಬರಲ್ಲ. ಇದಕ್ಕೆ ಪಾಠ ಅಂತೀಯಾ?"

"ಕೋನಗಳೆಲ್ಲ ಸರಿ ಇದ್ವು, ವಿಮ್."

"ಸರಿ, ಮೂರ್ತಿ. ಆ ಕೋನಗಳನ್ನೇ ಕೊಳದ ಮೇಲೆ ಹಾರಿಸಿ ತೋರ್ಸು."

ಮನೆಗೆ ಹೋಗಿ ಎರಡು ದಿನ ಯೋಚಿಸಿದೆ. ಕೆಲಸ ಬಿಡಬಹುದಿತ್ತು, ಸುಧಾ ಅದನ್ನೇ ಹೇಳಿದಳು. ಬಿಡಲಿಲ್ಲ. ಒಬ್ಬರಿಂದ ಆಟ ಕಿತ್ತುಕೊಂಡು, ಕಾರಣ ಗೊತ್ತಿಲ್ಲದೆ ಹೋಗುವುದು ಸರಿ ಎನಿಸಲಿಲ್ಲ. ಚೆಂಡಿನ ಮುಂದೆ ನಿಂತಾಗ ಅವರಿಗೆ ಏನಾಗುತ್ತಿತ್ತು ಎಂದು ತಿಳಿಯಬೇಕಾದರೆ ನಾನೂ ಏನೂ ಬಾರದವನಾಗಬೇಕು. ಎಡಗೈ ಆಟಗಾರರ ಕ್ಲಬ್ಬೊಂದನ್ನು ಎರವಲು ತಂದು, ಎಡಗಡೆಯಿಂದ ಹೊಡೆಯಲು ಮೊದಲಿನಿಂದ ಕಲಿಯುತ್ತೇನೆ ಎಂದು ತೀರ್ಮಾನಿಸಿದೆ. ಒಂದು ವರ್ಷ, ದಿನವೂ ಬೆಳಿಗ್ಗೆ ಮೈದಾನ ತೆರೆಯುವ ಮುಂಚೆ ಒಂದು ಬುಟ್ಟಿ ಚೆಂಡು. ಒಂದೊಂದು ವಿಧಾನಕ್ಕೆ ಕೆಲವು ವಾರ.

ಮೊದಲು ನನ್ನದೇ ವಿಧಾನ. ಕನ್ನಡಿ ಇಟ್ಟುಕೊಂಡು ಸ್ಥಾನಗಳನ್ನು ಅಭ್ಯಾಸ ಮಾಡಿದೆ. ಚೆಂಡಿಲ್ಲದೆ ಸ್ವಿಂಗ್ ಸೊಗಸಾಗಿತ್ತು. ಚೆಂಡು ಇಟ್ಟ ಕೂಡಲೇ ಮೊಣಕೈ ನೋಡಿಕೊಂಡರೆ ಸೊಂಟ ಮರೆತುಹೋಗುತ್ತಿತ್ತು, ಸೊಂಟ ನೋಡಿಕೊಂಡರೆ ಮಣಿಕಟ್ಟು. ಮೂರನೆಯ ವಾರ ಒಂದು ಬೆಳಿಗ್ಗೆ ನನ್ನ ಕೈಯೂ ಏಳಲಿಲ್ಲ. ಖಾಲಿ ಮೈದಾನ, ಪರೀಕ್ಷಕನಿಲ್ಲ, ಕೊಳವಿಲ್ಲ. ಚಾಪೆಯ ಮೇಲೆ ಬಿಳಿ ಚೆಂಡು, ಅದರ ಮುಂದೆ ಕಲ್ಲಾಗಿ ನಿಂತ ನಾನು. ಹೆದರಿಕೆಯಾಯಿತು. ಡಾಕ್ಟರೇಟ್ ಇದ್ದ ಮನುಷ್ಯ ನಾನು ಒಂದು ಚೆಂಡಿಗೆ ಹೆದರಿ ಬೆವರಿದೆ.

ಆಮೇಲೆ ವಿಮ್‌ನ ವಿಧಾನ. ವಾರದಲ್ಲಿ ಚೆಂಡು ಹಾರತೊಡಗಿತು. ಎತ್ತ ಹಾರುತ್ತದೆ ಎಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ತಪ್ಪಾದಾಗ ಏನು ಸರಿಮಾಡಬೇಕೆಂದು ವಿಮ್‌ಗೂ ಹೇಳಲು ಬರುತ್ತಿರಲಿಲ್ಲ. "ಇನ್ನೊಂದು ಸಲ ಎರಚು" ಎನ್ನುತ್ತಿದ್ದ. ಅನುಭವದ ವಿಧಾನವನ್ನು ಹೊಗಳುವ ಹೊಸಬರು ಇದನ್ನೂ ನೆನಪಿಡಿ. ಮೂರನೆಯದು ನಾನೇ ಹುಡುಕಿದ್ದು. ಮುಂದೆ ಬಲೆ ಕಟ್ಟಿ ಅದರ ಮೇಲಿಂದ ಚೆಂಡು ಹೋಗಬೇಕು ಎಂದಷ್ಟೇ ಗುರಿ ಇಟ್ಟುಕೊಂಡೆ; ಹೇಗೆ ಎಂಬುದನ್ನು ಮೈಗೆ ಬಿಟ್ಟೆ. ಮೈ ತನ್ನ ದಾರಿಯನ್ನು ತಾನೇ ಹುಡುಕಿತು. ಪುಸ್ತಕದಲ್ಲಿರುವಂಥ ಸ್ವಿಂಗಲ್ಲ, ಆದರೆ ಚೆಂಡು ಬಲೆ ದಾಟಿತು. ಒಬ್ಬನೇ ಮನುಷ್ಯ, ಒಂದೇ ವರ್ಷ, ಮೊದಲು ಕಲಿತದ್ದು ಮುಂದಿನದಕ್ಕೆ ಬೆರೆತಿದೆ, ಇದು ಪುರಾವೆಯಲ್ಲ. ನನಗೆ ಸಾಕಾಗುವಷ್ಟು ಮಾತ್ರ.

ಪೊನ್ನಮ್ಮನಿಗೆ ಫೋನ್ ಮಾಡಿದೆ.

"ನಿಮ್ಮ ಮೇಲೆ ಸಿಟ್ಟಿಲ್ಲ ಸರ್. ಬೇಡ ಅಷ್ಟೇ. ಒಂದ್ಸಲ ಫ್ರೆಂಡ್ ಜೊತೆ ಹೋಗಿದ್ದೆ, ಬಾಲ್ ಮುಂದೆ ನಿಂತ್ರೆ ಈಗ್ಲೂ ಕೈ ಏಳಲ್ಲ."

ಮುಂದಿನ ತಿಂಗಳು ಮತ್ತೆ ಮಾಡಿದೆ. ಅದರ ಮುಂದಿನ ತಿಂಗಳೂ. ಮೂರನೆಯ ಸಲ ನನ್ನ ಎಡಗೈ ಕಥೆಯನ್ನು, ಆ ಬೆಳಗಿನ ಹೆದರಿಕೆಯನ್ನು ಹೇಳಿದೆ.

"ನಿಮಗೂ ಹಾಗೇ ಆಯ್ತಾ?"

"ಆಯ್ತು. ಬರೋವಾಗ ಹಾಕಿ ಸ್ಟಿಕ್ ತನ್ನಿ. ನಾನು ಹೆಚ್ಚು ಮಾತಾಡಲ್ಲ."

"ಅದನ್ನ ನಂಬೋದು ಕಷ್ಟ ಸರ್," ಎಂದರು. ಆದರೆ ಅಕ್ಟೋಬರಿನ ಒಂದು ಶನಿವಾರ ಸ್ಟಿಕ್ ಹಿಡಿದು ಬಂದರು.

ಕ್ಯಾಮೆರಾಗೆ ಬಟ್ಟೆ ಮುಚ್ಚಿದ್ದೆ. ಮೊದಲ ಪ್ರಶ್ನೆ ಕೇಳಿದೆ: "ಆಗ ಎಡಗಾಲಿನ ಮೇಲೆ ತಿರುಗು ಅಂತಿದ್ದೆನಲ್ಲ, ಮೊಣಕಾಲು ನೋಯ್ತಿತ್ತಾ?"

ಪೊನ್ನಮ್ಮ ನನ್ನನ್ನು ವಿಚಿತ್ರವಾಗಿ ನೋಡಿದರು. "ಪ್ರತಿ ಸಲ ಸರ್."

"ಯಾಕೆ ಹೇಳ್ಲಿಲ್ಲ?"

"ನೀವು ಕೇಳ್ಲಿಲ್ಲ. ಸ್ಕ್ರೀನ್ ಮೇಲೆ ಅಳೀತಾ ಇದ್ರಿ, ಗೊತ್ತಿರತ್ತೆ ಅನ್ಕೊಂಡೆ."

ಹದಿನೈದು ವರ್ಷದ ಕೆಲಸದಲ್ಲಿ ನನ್ನ ಅತಿ ದೊಡ್ಡ ತಪ್ಪು ಇದು. ವಿಧಾನಗಳ ಜಗಳವೆಲ್ಲ ಆಮೇಲೆ. ಆ ಮೊಣಕಾಲಿನ ಕೋನ ನನಗೆ ಡಿಗ್ರಿಯ ಲೆಕ್ಕದಲ್ಲಿ ಗೊತ್ತಿತ್ತು. ಅದು ನೋಯುತ್ತದೆಯೇ ಎಂದು ಒಮ್ಮೆಯೂ ಕೇಳಿರಲಿಲ್ಲ. ನೋವಿಗೆ ಹೆದರಿ ಕೈ ಏಳದೆ ಹೋಯಿತೋ, ನನ್ನ ಪಟ್ಟಿಯಿಂದಲೋ, ಎರಡರಿಂದಲೋ ಇವತ್ತಿಗೂ ಹೇಳಲಾರೆ.

ಆ ದಿನ ಹಾಕಿ ಸ್ಟಿಕ್ಕಿನಲ್ಲಿ ಹಳೆಯ ಟೆನಿಸ್ ಚೆಂಡುಗಳನ್ನು ಹೊಡೆದರು. ಎಡಪಾದವನ್ನು ಹೊರಕ್ಕೆ ತಿರುಗಿಸಿ ಇಡಲಿ, ಬೇಕಾದರೆ ಹೆಜ್ಜೆ ಹಾಕಲಿ ಎಂದೆ. ಆಮೇಲೆ ಗಾಲ್ಫ್ ಕ್ಲಬ್, ಮುಂದೆ ಬಲೆ. "ಇದರ ಮೇಲೆ ಹೋಗ್ಬೇಕು. ಹೇಗೆ ಅನ್ನೋದು ನಿಮಗೆ ಬಿಟ್ಟಿದ್ದು." ಅವರು ಚೆಂಡನ್ನು ಒಂದು ಅಂಗೈ ಮುಂದೆ ಸರಿಸಿಕೊಂಡರು, ಚೆಂಡನ್ನು ಮೇಲೆತ್ತುವಂಥ, ಹೆಚ್ಚು ವಾಲಿದ ಮುಖದ ಕ್ಲಬ್ಬನ್ನು ತಾವೇ ಆರಿಸಿದರು. ಕೈ ಎದ್ದಿತು. ಚೆಂಡು ಬಲೆಯನ್ನು ದಾಟಿತು.

ವಸಂತದಲ್ಲಿ ಮತ್ತೆ ಪರೀಕ್ಷೆ, ಮತ್ತೆ ಅದೇ ಕೊಳ. ಪೊನ್ನಮ್ಮ ನೀರನ್ನು ನೋಡಲೇ ಇಲ್ಲ. ಆಚೆ ದಡದ ಒಂದು ಮರವನ್ನು ನೋಡಿದರು. ಪಾದ ಹೊರಕ್ಕೆ, ಸಣ್ಣ ಹೆಜ್ಜೆ, ಠಪ್. ಚೆಂಡು ಆಚೆ ದಡದ ಹುಲ್ಲಿನಲ್ಲಿ ಬಿದ್ದು ನಿಂತಿತು.

"ಇದು ಹಾಕಿ," ಎಂದ ಪರೀಕ್ಷಕ.

"ಹೌದು," ಎಂದರು ಪೊನ್ನಮ್ಮ. "ಬಾಲ್ ಆಚೆ ಇದೆ ನೋಡಿ."

ಅವನು ಸಹಿ ಹಾಕಿದ. ವಿಮ್ ನನ್ನ ಬೆನ್ನಿಗೆ ಹೊಡೆದದ್ದು ಎರಡು ದಿನ ನೋಯುತ್ತಿತ್ತು.

ಆಮೇಲಿನ ವರ್ಷಗಳಲ್ಲಿ ರಾಡಾರ್ ಯಂತ್ರ ಬಂತು. ಚೆಂಡಿನ ವೇಗ, ತಿರುಗುವಿಕೆ, ಕ್ಲಬ್ಬಿನ ದಾರಿ ಎಲ್ಲ ಕ್ಷಣದಲ್ಲಿ ಪರದೆಗೆ. ಮೈದಾನದ ಹೊಸ ಮ್ಯಾನೇಜರನಿಗೆ ಪ್ರತಿ ಪಾಠದಲ್ಲೂ ಅದನ್ನು ಬಳಸಬೇಕೆಂಬ ಹಟ. ನಾನು ಬಳಸಿದೆ, ಕೃತಜ್ಞತೆಯಿಂದಲೇ. ಚೆಂಡು ಯಾಕೆ ಬಲಕ್ಕೆ ಹೋಯಿತು ಎಂಬ ಹಳೆಯ ವಾದಗಳೆಷ್ಟೋ ಅದರಿಂದ ಮುಗಿದವು. ನಾವು ಶಿಕ್ಷಕರು ಕಣ್ಣಿನಿಂದ ಕಂಡೆವು ಎಂದು ಆಣೆ ಮಾಡುತ್ತಿದ್ದುದರಲ್ಲಿ ಬಹಳಷ್ಟು ತಪ್ಪು ಎಂದೂ ಗೊತ್ತಾಯಿತು. ಆದರೆ ಪರದೆಯನ್ನು ನನ್ನ ಕಡೆಗೆ ತಿರುಗಿಸಿಡುತ್ತಿದ್ದೆ, ಶಿಷ್ಯರ ಕಡೆಗಲ್ಲ. ಹರೀಶ್ ಮಾತ್ರ ಇಣುಕಿ ನೋಡಿ ಬರೆದುಕೊಳ್ಳುತ್ತಿದ್ದರು. ಅವರಿಗೆ ಅದರಿಂದಲೇ ಆಟ ಬಂತು. ಎಲ್ಲರಿಗೂ ಒಂದೇ ಮದ್ದಿಲ್ಲ ಎನ್ನುವುದಕ್ಕೆ ಅವರನ್ನೇ ಉದಾಹರಣೆ ಕೊಡುತ್ತೇನೆ.

2019ರಲ್ಲಿ ನಾನು ನಿವೃತ್ತನಾದಾಗ ಮೈದಾನದ ಕ್ಯಾಂಟೀನಿನಲ್ಲಿ ಕಾಫಿ, ಆಪಲ್ ಕೇಕ್ ಇಟ್ಟು ಸಣ್ಣ ಕೂಟ ಮಾಡಿದರು. ಹೊಸ ಶಿಕ್ಷಕರು ಕೇಳಿದ್ದಕ್ಕೆ ಪೊನ್ನಮ್ಮನ ಕಥೆ ಹೇಳಿದೆ. ವರ್ಷಗಳಿಂದ ಹೇಳುತ್ತಿದ್ದ ರೀತಿಯಲ್ಲೇ: ಪಟ್ಟಿ ಬಿಟ್ಟೆ, ಬಲೆ ಕಟ್ಟಿದೆ, ಒಂದೇ ಮಧ್ಯಾಹ್ನದಲ್ಲಿ ಎರಡು ವರ್ಷದ ಕಂಟಕ ಕಳೆಯಿತು. ಎಲ್ಲರೂ ತಲೆಯಾಡಿಸಿದರು. ಹಿಂದಿನ ಮೇಜಿನಿಂದ ಪೊನ್ನಮ್ಮ ಎದ್ದು ನಿಂತರು. ಮೊಣಕಾಲಿಗೆ ಬಟ್ಟೆಪಟ್ಟಿ ಸುತ್ತಿದ್ದರು. ಬೆಳಿಗ್ಗೆ ಒಂಬತ್ತು ಹೋಲ್ ಆಡಿ ಬಂದಿದ್ದರು.

"ಒಂದೇ ಮಧ್ಯಾಹ್ನಾನಾ? ಸರ್, ಸುಳ್ಳು ಹೇಳ್ಬೇಡಿ ಪಾಪ ಇವರಿಗೆ! ಆ ದಿನ ಒಂದು ಬಾಲ್ ದಾಟ್ತು, ಮುಂದಿನ ವಾರ ಮತ್ತೆ ಕೈ ಏಳ್ಲಿಲ್ಲ. ಇಡೀ ಚಳಿಗಾಲ ಬಂದೆ ನಾನು. ನೀವಿಲ್ಲದಾಗ್ಲೂ ಬಂದೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಕೊರೆಯತೊಡಗಿತು. ನನ್ನ ನೆನಪಿನಲ್ಲಿ ಆ ಚಳಿಗಾಲವೇ ಇರಲಿಲ್ಲ. ಅಕ್ಟೋಬರಿನ ಶನಿವಾರ, ಅದಕ್ಕೆ ಅಂಟಿಕೊಂಡಂತೆ ವಸಂತದ ಪರೀಕ್ಷೆ, ನಡುವೆ ಏನೂ ಇಲ್ಲ. ಹೊಸ ಶಿಕ್ಷಕರು ನನ್ನ ಮಾತು ನಂಬಿ ಒಂದು ಮಧ್ಯಾಹ್ನದಲ್ಲಿ ಫಲ ಬರದಿದ್ದರೆ ಶಿಷ್ಯರನ್ನು ಕೈಬಿಟ್ಟರೆ? ಆನ್‌ಲೈನ್ ಆಗುವ ಮುಂಚಿನ ಪಾಠಗಳ ದಾಖಲೆ ಪುಸ್ತಕಗಳು ಚೆಂಡು ತೊಳೆಯುವ ಶೆಡ್ಡಿನಲ್ಲಿ ಇವೆ ಎಂದು ವಿಮ್ ಹೇಳಿದ. ಮರುವಾರ ಹೋಗಿ ತೆಗೆಸಿ ನೋಡಿದೆ.

ಅಕ್ಟೋಬರಿನಿಂದ ಮಾರ್ಚ್ ಕೊನೆಯವರೆಗೆ ಹತ್ತೊಂಬತ್ತು ಶನಿವಾರ ಪೊನ್ನಮ್ಮನ ಹೆಸರಿದೆ. ಜನವರಿಯ ಒಂದು ಶನಿವಾರ ನನ್ನ ಪಾಠಗಳಿಗೆಲ್ಲ ಗೆರೆ ಹೊಡೆದು, ಪಕ್ಕದಲ್ಲಿ ವಿಮ್ "ಮೂರ್ತಿಗೆ ಜ್ವರ" ಎಂದು ಬರೆದಿದ್ದಾನೆ. ಸುಧಾಳ ಆ ವರ್ಷದ ಡೈರಿಯಲ್ಲೂ ನನ್ನ ಜ್ವರ ಇದೆ. ಅದೇ ಪುಟದ ಕೆಳಗೆ, ಚೆಂಡು ತೆಗೆದುಕೊಂಡವರು ತಾವೇ ಬರೆಯುವ ಜಾಗದಲ್ಲಿ, ಪೊನ್ನಮ್ಮನ ಅಕ್ಷರ: ಅವರ ಹೆಸರು, ಎರಡು ಬುಟ್ಟಿ.